ಕುರಿ, ಹಸುಗಳ ಪಿತ್ತನಾಳದ ಹುಳು: ಯಾವ ಪರೀಕ್ಷೆ ಮಾಡಿಸಬೇಕು, ಯಾವ ಔಷಧಿ ಕುಡಿಸಬೇಕು?

ಶಿರಾದಲ್ಲಾಗಲಿ ಮುಳಬಾಗಿಲಿನಲ್ಲಾಗಲಿ ಪಶು ಔಷಧಿ ಅಂಗಡಿಗೆ ಹೋಗಿ ‘ಹುಳುವಿನ ಔಷಧಿ ಕೊಡಿ’ ಎಂದರೆ ಯಾವುದೋ ಒಂದು ಬಾಟಲಿ ಕೈಗೆ ಬರುತ್ತದೆ. ಎಷ್ಟು ಕುರಿ ಇವೆ ಎಂದು ಕೇಳುತ್ತಾರೆ. ಯಾವ ಹುಳು ಎಂದು ಕೇಳುವವರು ಕಡಿಮೆ. ಆ ಹುಳುವಿಗೆ ಎಷ್ಟು ವಾರ ತುಂಬಿದೆ ಎಂದು ಕೇಳುವವರಂತೂ ಅಪರೂಪ. ಪಿತ್ತನಾಳದ ಹುಳುವಿನ ಮಟ್ಟಿಗೆ ಈ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಯಾವ ಪರೀಕ್ಷೆ, ಯಾವ ಔಷಧಿ ಎಂಬ ಎರಡೂ ತೀರ್ಮಾನಗಳು ಸುಲಭವಾಗುತ್ತವೆ. ಉತ್ತರ ಸಿಗದಿದ್ದರೆ ದುಬಾರಿ ಬಾಟಲಿಯೂ ವ್ಯರ್ಥವಾಗಬಹುದು.

ಪಶುವೈದ್ಯರು ‘ಲಿವರ್ ಫ್ಲೂಕ್’ ಎನ್ನುವ ಈ ಹುಳುವಿನ ಶಾಸ್ತ್ರೀಯ ಹೆಸರು ಫ್ಯಾಸಿಯೋಲಾ. ಇದರಲ್ಲಿ ಎರಡು ಜಾತಿಗಳಿವೆ. ಹಿಮಾಲಯದ ತಂಪು ಪ್ರದೇಶದಲ್ಲಿ ಕಾಣುವುದು ಫ್ಯಾಸಿಯೋಲಾ ಹೆಪಾಟಿಕಾ. ನಮ್ಮ ಬಯಲುಸೀಮೆಯಲ್ಲಿರುವುದು ಅದಕ್ಕಿಂತ ದೊಡ್ಡದಾದ ಫ್ಯಾಸಿಯೋಲಾ ಜೈಗಾಂಟಿಕಾ. ಬೇವಿನ ಎಲೆಯ ಹಾಗೆ ಚಪ್ಪಟೆಯಾಗಿ, ನೀಳವಾಗಿ, ಏಳು ಸೆಂಟಿಮೀಟರಿನವರೆಗೂ ಬೆಳೆಯುತ್ತದೆ. ಜಾತಿ ಯಾವುದೆಂಬುದು ಪುಸ್ತಕದ ವಿಷಯವಲ್ಲವೇ ಎನ್ನಬಹುದು. ಆದರೆ ವಿದೇಶಿ ಮಾರ್ಗದರ್ಶಿಗಳಲ್ಲಿರುವ ವಾರಗಳ ಲೆಕ್ಕ ಹೆಚ್ಚಾಗಿ ಹೆಪಾಟಿಕಾದ್ದು. ನಮ್ಮ ಹುಳು ಅದಕ್ಕಿಂತ ನಿಧಾನವಾಗಿ ಬಲಿಯುತ್ತದೆ. ಅವರ ಕ್ಯಾಲೆಂಡರನ್ನು ಹಾಗೆಯೇ ಇಲ್ಲಿ ಬಳಸಿದರೆ ಲೆಕ್ಕ ತಪ್ಪುತ್ತದೆ.

ಮೊದಲು ನೋಡಬೇಕಾದದ್ದು ಕೆರೆಯಂಚನ್ನು

ಈ ಹುಳು ಒಂದು ಕುರಿಯಿಂದ ಮತ್ತೊಂದು ಕುರಿಗೆ ನೇರವಾಗಿ ಹರಡುವುದಿಲ್ಲ. ನಡುವೆ ಲಿಮ್ನಿಯಾ ಜಾತಿಯ ಸಿಹಿನೀರಿನ ಬಸವನಹುಳು ಬೇಕೇ ಬೇಕು. ಹಿಕ್ಕೆ ಅಥವಾ ಸಗಣಿಯ ಜೊತೆ ನೀರು ಸೇರಿದ ಮೊಟ್ಟೆ ಎರಡು ಮೂರು ವಾರಗಳಲ್ಲಿ ಒಡೆಯುತ್ತದೆ. ಹೊರಬಂದ ಮರಿಗೆ ಒಂದು ದಿನದೊಳಗೆ ಬಸವನಹುಳು ಸಿಗದಿದ್ದರೆ ಅದು ಸಾಯುತ್ತದೆ. ಸಿಕ್ಕರೆ ಅದರ ದೇಹದೊಳಗೆ ಕೆಲವು ವಾರ ಇದ್ದು, ಒಂದು ಹಲವಾಗಿ ಹೊರಬಂದು, ನೀರಂಚಿನ ಹುಲ್ಲಿಗೆ ಅಂಟಿಕೊಂಡು ಗಟ್ಟಿ ಕವಚದೊಳಗೆ ಕಾಯುತ್ತದೆ. ತೇವ ಇರುವವರೆಗೆ ತಿಂಗಳುಗಟ್ಟಲೆ ಕಾಯಬಲ್ಲದು. ಬಿಸಿಲಿಗೆ ಸರಿಯಾಗಿ ಒಣಗಿದರೆ ಸಾಯುತ್ತದೆ.

ಹಾಗಾಗಿ ಪಾವಗಡದ ಗುಡ್ಡದ ಮೇಲೆಯೇ ಮೇದು, ತೊಟ್ಟಿ ನೀರು ಕುಡಿದು ರೊಪ್ಪಕ್ಕೆ ಮರಳುವ ಮಂದೆಗೆ ಈ ರೋಗದ ಹೆದರಿಕೆ ಬಹಳ ಕಡಿಮೆ. ಕುಣಿಗಲ್ ಕಡೆಯ ಅಚ್ಚುಕಟ್ಟು, ಹೇಮಾವತಿ ನಾಲೆ ನೀರಿನಿಂದ ತುಂಬುವ ತುಮಕೂರಿನ ಕೆರೆಗಳು, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿಯುತ್ತಿರುವ ಕೋಲಾರದ ಕೆರೆಗಳು, ಅದೇ ಬಗೆಯ ಎಚ್.ಎನ್. ವ್ಯಾಲಿ ಯೋಜನೆಯ ನೀರು ಬರುವ ಚಿಕ್ಕಬಳ್ಳಾಪುರದ ಕೆರೆಗಳು, ಇವುಗಳ ಲೆಕ್ಕ ಬೇರೆ. ಬೇಸಿಗೆಗೆ ಬತ್ತಿ ಬಿರುಕು ಬಿಡುತ್ತಿದ್ದ ಕೆರೆಯಲ್ಲಿ ಬಸವನಹುಳುವಿಗೆ ಉಳಿಗಾಲ ಕಡಿಮೆಯಿತ್ತು. ವರ್ಷವಿಡೀ ತೇವವಿರುವ ಅಂಚು ಅದಕ್ಕೆ ಒಳ್ಳೆಯ ನೆಲೆ. ಕೆರೆಗೆ ನೀರು ಬಂದದ್ದನ್ನು ದೂರುತ್ತಿಲ್ಲ. ಮೂವತ್ತು ವರ್ಷದ ಹಿಂದೆ ನಮ್ಮ ಕೆರೆಯಲ್ಲಿ ಈ ರೋಗ ಇರಲಿಲ್ಲ ಎಂಬ ಹಿರಿಯರ ಮಾತು ಇಂದಿಗೆ ಸಾಕ್ಷಿಯಾಗದು ಎನ್ನುತ್ತಿದ್ದೇನೆ, ಅಷ್ಟೇ.

ಕೊಟ್ಟಿಗೆಯಲ್ಲೇ ಕಟ್ಟಿ ಸಾಕುವ ಸೀಮೆಹಸುವಿಗೆ ಈ ಭಯವಿಲ್ಲ ಎಂಬುದು ಕೋಲಾರದ ಕಡೆ ಸಾಮಾನ್ಯ ನಂಬಿಕೆ. ಹುಲ್ಲು ಎಲ್ಲಿಂದ ಬರುತ್ತದೆ ಎಂದು ಕೇಳಿ ನೋಡಿ. ಕೆರೆಯಂಗಳದಿಂದ ಬೆಳಿಗ್ಗೆ ಕೊಯ್ದು ತಂದ ಹಸಿ ಹುಲ್ಲಾದರೆ ಹಸು ಕೆರೆಗೆ ಹೋಗದಿದ್ದರೂ ಕೆರೆಯೇ ಹಸುವಿನ ಬಳಿಗೆ ಬಂದಿರುತ್ತದೆ.

ಸಂಕ್ರಾಂತಿಯಿಂದ ಯುಗಾದಿಗೆ

ಹುಲ್ಲಿನ ಜೊತೆ ಹೊಟ್ಟೆ ಸೇರಿದ ಎಳೆ ಹುಳು ಕರುಳನ್ನು ಕೊರೆದು ಹೊರಬಂದು, ಯಕೃತ್ತಿನ ಮೇಲ್ಪದರವನ್ನು ತೂರಿ, ಅದರ ಮಾಂಸದಲ್ಲಿ ವಾರಗಟ್ಟಲೆ ದಾರಿ ಕೊರೆಯುತ್ತಾ ಅಲೆಯುತ್ತದೆ. ಆಮೇಲೆ ಪಿತ್ತನಾಳ ಸೇರಿ, ಬಲಿತು, ಮೊಟ್ಟೆ ಇಡತೊಡಗುತ್ತದೆ. ಹುಲ್ಲು ತಿಂದ ದಿನದಿಂದ ಮೊಟ್ಟೆ ಹೊರಬರುವವರೆಗೆ ಜೈಗಾಂಟಿಕಾಕ್ಕೆ ಸುಮಾರು 13ರಿಂದ 16 ವಾರ ಬೇಕು. ಹೆಪಾಟಿಕಾಕ್ಕೆ 10ರಿಂದ 12 ವಾರ ಸಾಕು.

ನಮ್ಮಲ್ಲಿ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕೆರೆ ತುಂಬಿ, ಚಳಿಗಾಲದಲ್ಲಿ ನೀರು ಇಳಿಯತೊಡಗಿದಾಗ ಮೇಲಿನ ಗೋಮಾಳ ಒಣಗಿರುತ್ತದೆ, ಕೆರೆಯಂಗಳ ಮಾತ್ರ ಹಸಿರಾಗಿರುತ್ತದೆ. ಎಲ್ಲರ ಮಂದೆಯೂ ಅಲ್ಲಿಗೇ ಇಳಿಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ಕುರಿ ಹುಳುವನ್ನು ತಿಂದಿತು ಎಂದುಕೊಳ್ಳಿ. ಯುಗಾದಿಗೆ ಅದರ ಹಿಕ್ಕೆ ಪರೀಕ್ಷೆ ಮಾಡಿಸಿದರೆ ‘ಮೊಟ್ಟೆ ಇಲ್ಲ’ ಎಂದೇ ವರದಿ ಬರುತ್ತದೆ. ವರದಿ ಸುಳ್ಳಲ್ಲ, ಕುರಿಗೆ ರೋಗವಿರುವುದೂ ಸುಳ್ಳಲ್ಲ. ಅದೇ ಕುರಿಯನ್ನು ಹೊಸತೊಡಕಿಗೆ ಕೊಯ್ದರೆ ಲಿವರ್‌ನಲ್ಲಿ ಹುಳು ಕಣ್ಣಿಗೇ ಕಾಣಬಹುದು.

ಪರೀಕ್ಷೆಗಳಲ್ಲಿ ಯಾವುದು ಯಾವಾಗ

ಗದ್ದದ ಕೆಳಗೆ ನೀರು ತುಂಬಿದ ಊತ ಕಂಡ ಕೂಡಲೇ ‘ಲಿವರ್ ಹುಳು’ ಎಂದು ತೀರ್ಮಾನಿಸುವ ಅಭ್ಯಾಸ ನಮ್ಮಲ್ಲಿದೆ. ಆ ಊತ ಹೇಳುವುದು ಇಷ್ಟೇ: ರಕ್ತದಲ್ಲಿ ಪ್ರೋಟೀನ್ ಕುಸಿದಿದೆ. ಜಠರದಲ್ಲಿ ರಕ್ತ ಹೀರುವ ಹೀಮಾಂಕಸ್ ಎಂಬ ದಾರದಂಥ ಹುಳುವಿನಿಂದಲೂ ಅದು ಬರುತ್ತದೆ, ಮತ್ತು ನಮ್ಮ ಕುರಿಗಳಲ್ಲಿ ಆ ಹುಳು ಧಾರಾಳವಾಗಿದೆ. ಕಣ್ಣಿನ ರೆಪ್ಪೆ ತಿರುವಿ ಬಿಳಿಚಿದೆಯೇ ಎಂದು ನೋಡುವುದೂ ಹಾಗೆಯೇ. ರಕ್ತ ಕಡಿಮೆಯಾಗಿದೆ ಎಂದು ಅದು ತಿಳಿಸುತ್ತದೆ, ಕುಡಿದವರು ಯಾರೆಂದು ಹೇಳುವುದಿಲ್ಲ. ಇವೆರಡೂ ಖರ್ಚಿಲ್ಲದ ಪರೀಕ್ಷೆಗಳು. ಯಾವ ಕುರಿಯನ್ನು ಮೊದಲು ನೋಡಬೇಕೆಂದು ಆರಿಸಿಕೊಳ್ಳಲು ಸಾಕು, ಔಷಧಿ ಆರಿಸಲು ಸಾಲದು.

ಹಿಕ್ಕೆ ಅಥವಾ ಸಗಣಿ ಪರೀಕ್ಷೆಯಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ತಿಳಿದಿದ್ದರೆ ಬಹಳ ಪ್ರಯೋಜನವಿದೆ. ಹೆಚ್ಚಿನ ಜಂತುಗಳ ಮೊಟ್ಟೆ ಹಗುರ. ಉಪ್ಪು ದ್ರಾವಣದಲ್ಲಿ ತೇಲಿಸಿ ಅವನ್ನು ಹಿಡಿಯುತ್ತಾರೆ. ಲಿವರ್ ಫ್ಲೂಕ್ ಮೊಟ್ಟೆ ಭಾರ, ಅದು ತೇಲುವುದಿಲ್ಲ. ಮಾದರಿಯನ್ನು ನೀರಿನಲ್ಲಿ ಕದಡಿ, ಸೋಸಿ, ತಳಕ್ಕೆ ಇಳಿದ ಗಸಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆದ್ದರಿಂದ ಮಾದರಿ ಕೊಡುವಾಗ ‘ಲಿವರ್ ಫ್ಲೂಕ್ ಅನುಮಾನವಿದೆ, ಗಸಿ ಇಳಿಸಿ ನೋಡಿ’ ಎಂದು ಬಾಯಿಬಿಟ್ಟು ಹೇಳಿ. ಹಾಗೆ ಕೇಳುವುದು ವೈದ್ಯರಿಗೆ ಪಾಠ ಹೇಳಿದಂತೆ ಅಲ್ಲ. ಅನುಮಾನ ಏನೆಂದು ಗೊತ್ತಿದ್ದರೆ ಅವರ ಕೆಲಸವೂ ಹಗುರ.

ಇನ್ನೊಂದು ತೊಡಕು, ಅದೇ ಕೆರೆಯಂಚಿನಲ್ಲಿ ಸಿಗುವ ಆಂಫಿಸ್ಟೋಮ್ ಎಂಬ ಮೊಟಕು ಹುಳು. ಬಲಿತಾಗ ಮೊದಲ ಹೊಟ್ಟೆಯ ಗೋಡೆಗೆ ಗುಲಾಬಿ ಬಣ್ಣದ ಕಾಳುಗಳಂತೆ ಅಂಟಿಕೊಂಡಿರುವುದನ್ನು ಕುರಿ ಕೊಯ್ಯುವವರೆಲ್ಲ ನೋಡಿರುತ್ತಾರೆ. ಅದರ ಮೊಟ್ಟೆಯ ಗಾತ್ರ, ಆಕಾರ ಎರಡೂ ಲಿವರ್ ಫ್ಲೂಕ್‌ನದರಂತೆಯೇ. ವ್ಯತ್ಯಾಸವೆಲ್ಲ ಬಣ್ಣದಲ್ಲಿ: ಪಿತ್ತರಸದಲ್ಲಿ ನೆಂದ ಲಿವರ್ ಫ್ಲೂಕ್ ಮೊಟ್ಟೆ ಹೊಂಬಣ್ಣ, ಆಂಫಿಸ್ಟೋಮ್ ಮೊಟ್ಟೆ ತಿಳಿಯಾಗಿ ಬಣ್ಣವಿಲ್ಲದಂತೆ ಇರುತ್ತದೆ. ಕೆಳಗೆ ಹೇಳುವ ಟ್ರೈಕ್ಲಾಬೆಂಡಜೋಲ್ ಔಷಧಿ ಲಿವರ್ ಫ್ಲೂಕನ್ನು ಕೊಲ್ಲುತ್ತದೆ, ಆಂಫಿಸ್ಟೋಮನ್ನು ಮುಟ್ಟುವುದಿಲ್ಲ. ಆದ್ದರಿಂದ ವರದಿಯಲ್ಲಿ ‘ಹುಳುವಿನ ಮೊಟ್ಟೆ ಇದೆ’ ಎಂದಷ್ಟೇ ಇದ್ದರೆ, ಯಾವುದರ ಮೊಟ್ಟೆ ಎಂದು ಕೇಳಿ ತಿಳಿಯಿರಿ.

ಮಾದರಿಯನ್ನು ಒಂದೇ ಕುರಿಯಿಂದ ತರಬೇಡಿ. ಬಡಕಲಾದವು, ಈ ವರ್ಷ ಕೆರೆಗೆ ಹೋದ ಮರಿಗಳು, ಹಳೆಯ ಹೆಣ್ಣು ಕುರಿಗಳು ಹೀಗೆ ಆರಿಸಿ, ಕನಿಷ್ಠ ಐದಾರು ಪ್ರಾಣಿಗಳಿಂದ ತಾಜಾ ಹಿಕ್ಕೆ ತೆಗೆದು ಬೇರೆ ಬೇರೆ ಕಟ್ಟಿ ಅಂದೇ ತಲುಪಿಸಿ. ಮೊಟ್ಟೆ ದಿನವೂ ಒಂದೇ ಪ್ರಮಾಣದಲ್ಲಿ ಬೀಳುವುದಿಲ್ಲ, ಹಸುವಿನ ಸಗಣಿಯಲ್ಲಂತೂ ವಿರಳ. ಒಂದು ಸಲ ‘ಇಲ್ಲ’ ಎಂದು ಬಂದರೆ ಅದಕ್ಕೆ ಅರ್ಧ ಬೆಲೆ ಕೊಡಿ.

ರಕ್ತ ಪರೀಕ್ಷೆಯ ಅನುಕೂಲ ಎಂದರೆ ಎಳೆ ಹುಳು ಅಲೆಯುತ್ತಿರುವಾಗಲೇ, ಅಂದರೆ ಕೆಲವೇ ವಾರಗಳಲ್ಲಿ, ಹುಳುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಕಾಣಿಸುತ್ತದೆ. ಅನನುಕೂಲ ಎಂದರೆ ಹುಳು ಸತ್ತು ತಿಂಗಳುಗಳಾದರೂ ಪ್ರತಿಕಾಯ ಉಳಿದಿರುತ್ತದೆ. ಇದು ತಾಲ್ಲೂಕು ಮಟ್ಟದಲ್ಲಿ ಸಾಮಾನ್ಯವಾಗಿ ನಡೆಯುವ ಪರೀಕ್ಷೆಯಲ್ಲ. ಬೆಲೆಬಾಳುವ ಹಸು ಅಥವಾ ದೊಡ್ಡ ಫಾರಂ ಆಗಿದ್ದರೆ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೋ ಪಶುವೈದ್ಯ ಕಾಲೇಜಿಗೋ ಮಾದರಿ ಕಳಿಸಬಹುದೇ ಎಂದು ನಿಮ್ಮ ವೈದ್ಯರನ್ನು ವಿಚಾರಿಸಿ. ಇಪ್ಪತ್ತು ಕುರಿಯ ಮಂದೆಗೆ ಇಷ್ಟೆಲ್ಲ ಬೇಕಾಗಿಲ್ಲ.

ಮಂದೆಗೆ ನಾನು ಎಲ್ಲಕ್ಕಿಂತ ಮೇಲಿಡುವುದು ಕೊಯ್ದ ಅಥವಾ ಸತ್ತ ಪ್ರಾಣಿಯ ಲಿವರನ್ನು. ಪಿತ್ತನಾಳವನ್ನು ಉದ್ದಕ್ಕೆ ಸೀಳಿ ಒತ್ತಿದರೆ ಬಲಿತ ಹುಳು ಜಾರಿ ಬರುತ್ತದೆ. ಹಸುವಿನಲ್ಲಿ ನಾಳಗಳು ದಪ್ಪಗಾಗಿ ಸುಣ್ಣ ಕಟ್ಟಿ, ಚಾಕು ಆಡಿಸಿದರೆ ಕರಕರ ಎನ್ನುತ್ತವೆ. ಎಳೆ ಹುಳು ಹುಡುಕಬೇಕಾದರೆ ಲಿವರನ್ನು ತೆಳ್ಳಗೆ ಹೆಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ಹಿಂಡಿ ನೋಡಬೇಕು. ಒಂದು ಲಿವರ್ ಇಡೀ ಮಂದೆಯ ವರದಿ ಕೊಡುತ್ತದೆ, ಯಾಕೆಂದರೆ ಎಲ್ಲವೂ ಒಂದೇ ಕೆರೆಯಲ್ಲಿ ಮೇದಿರುತ್ತವೆ. ಊರಿನ ಮಾಂಸದ ಅಂಗಡಿಯವರ ಜೊತೆ ಸ್ನೇಹವಿಟ್ಟುಕೊಳ್ಳಿ. ‘ನಿಮ್ಮ ಕುರಿ ಲಿವರ್ ಎಸೆಯಬೇಕಾಯಿತು’ ಎಂಬ ಅವರ ಒಂದು ಮಾತು ಯಾವ ಪ್ರಯೋಗಾಲಯದ ಚೀಟಿಗೂ ಕಡಿಮೆಯಿಲ್ಲ.

ಎಚ್ಚರಿಕೆ ಒಂದಿದೆ. ಕುರಿ ಏಕಾಏಕಿ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ರಕ್ತ ಬಂದಿದ್ದರೆ ಅದನ್ನು ಕೊಯ್ಯಲೇಬೇಡಿ. ಅದು ನೆರಡಿ, ಅಂದರೆ ಆಂಥ್ರಾಕ್ಸ್ ಇರಬಹುದು. ಅದು ಮನುಷ್ಯರಿಗೂ ಹರಡುತ್ತದೆ. ಹೆಣವನ್ನು ಮುಟ್ಟದೆ ಪಶುವೈದ್ಯರನ್ನು ಕರೆಯಿರಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಏಕಾಏಕಿ ಸಾವಿಗೆ ಕರುಳು ಬೇನೆಯೂ ಕಾರಣವಾಗಬಹುದು, ಯಕೃತ್ತಿನಲ್ಲಿ ಒಮ್ಮೆಗೇ ನುಗ್ಗಿದ ನೂರಾರು ಎಳೆ ಹುಳುಗಳೂ ಆಗಬಹುದು. ನೋಡದೆ ಹೇಳಲಾಗದು.

ಔಷಧಿಗಳು: ಹೆಸರಿಗಿಂತ ವಾರ ಮುಖ್ಯ

ಮೊದಲು ಕೆಲಸಕ್ಕೆ ಬಾರದವು. ಐವರ್ಮೆಕ್ಟಿನ್ ಉಣುಗು, ಕಜ್ಜಿ, ದುಂಡುಹುಳುಗಳಿಗೆ ಒಳ್ಳೆಯದು. ಚಪ್ಪಟೆ ಹುಳುವಿಗೆ ಅದು ನೀರಿನ ಸಮಾನ. ಸಾಮಾನ್ಯ ಪ್ರಮಾಣದ ಫೆನ್ಬೆಂಡಜೋಲ್ ಕೂಡ ಹಾಗೆಯೇ. ‘ಮೊನ್ನೆ ತಾನೇ ಹುಳುವಿನ ಇಂಜೆಕ್ಷನ್ ಹಾಕಿಸಿದ್ದೇನೆ’ ಎನ್ನುವವರ ಮಂದೆಯಲ್ಲೂ ಲಿವರ್ ಫ್ಲೂಕ್ ನೆಮ್ಮದಿಯಾಗಿರುವುದಕ್ಕೆ ಇದೇ ಕಾರಣ.

ಆಲ್ಬೆಂಡಜೋಲ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ದುಂಡುಹುಳು ಮತ್ತು ಲಾಡಿಹುಳುವಿಗೂ ಆಗುತ್ತದೆ. ಲಿವರ್ ಫ್ಲೂಕ್‌ಗೆ ಬೇಕಾದ ಪ್ರಮಾಣ ಕುರಿಗೆ ಕಿಲೋ ತೂಕಕ್ಕೆ 7.5 ಮಿಲಿಗ್ರಾಂ, ಹಸುವಿಗೆ 10 ಮಿಲಿಗ್ರಾಂ. ದುಂಡುಹುಳುವಿಗೆ ಅದಕ್ಕಿಂತ ಕಡಿಮೆ ಸಾಕಾಗುವುದರಿಂದ ಹೆಚ್ಚಿನವರು ಕೊಡುವುದು ಕಡಿಮೆಯನ್ನೇ. ಪೂರ್ತಿ ಕೊಟ್ಟರೂ ಸಾಯುವುದು ಪಿತ್ತನಾಳದಲ್ಲಿರುವ ಬಲಿತ ಹುಳು ಮಾತ್ರ. ಗಬ್ಬದ ಮೊದಲ ದಿನಗಳಲ್ಲಿ, ಕುರಿಗೆ ಮೊದಲ ತಿಂಗಳು ಮತ್ತು ಹಸುವಿಗೆ ಮೊದಲ 45 ದಿನ, ಇದನ್ನು ಕೊಡಬಾರದು. ಭ್ರೂಣಕ್ಕೆ ತೊಂದರೆಯಾಗುತ್ತದೆ. ಟಗರು ಬಿಟ್ಟ ಮಂದೆಯಲ್ಲಿ ಯಾವುದಕ್ಕೆ ಎಷ್ಟು ದಿನವಾಗಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ ಎಂಬುದನ್ನು ನೆನಪಿಡಿ.

ಆಕ್ಸಿಕ್ಲೋಜಾನೈಡ್ ಕೂಡ ಬಲಿತ ಹುಳುವಿಗೇ. ಆದರೆ ಗಬ್ಬದ ಪ್ರಾಣಿಗಳಿಗೆ ಕೊಡಬಹುದು, ಸರಿಯಾದ ಪ್ರಮಾಣದಲ್ಲಿ ಆಂಫಿಸ್ಟೋಮ್ ಮೇಲೂ ಕೆಲಸ ಮಾಡುತ್ತದೆ. ಹಾಲು ಕೊಡುವ ಹಸುವಿಗೆ ಪಶುವೈದ್ಯರು ಸಾಮಾನ್ಯವಾಗಿ ಇದನ್ನೇ ಬರೆಯುವುದಕ್ಕೆ ಕಾರಣವಿದೆ: ಉಳಿದವುಗಳಲ್ಲಿ ಹಲವು ಹಾಲಿನಲ್ಲಿ ಹೆಚ್ಚು ದಿನ ಉಳಿಯುತ್ತವೆ. ಆದರೂ ಬಾಟಲಿಯ ಮೇಲೆ ಬರೆದಿರುವಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು. ಮೊಟ್ಟೆ ಕಂಡಿದೆ, ಹಸು ಹಾಲು ಕೊಡುತ್ತಿದೆ ಎಂದರೆ ನನ್ನ ಮಟ್ಟಿಗೆ ಬೇರೆ ಯೋಚನೆಯೇ ಬೇಡ.

ಕ್ಲೋಸಾಂಟೆಲ್ ಮತ್ತು ರಫಾಕ್ಸನೈಡ್ ನಡುವಿನ ದಾರಿಯವು. ಪೂರ್ತಿ ಬಲಿಯುವ ಮೊದಲೇ, ಹೆಚ್ಚುಕಡಿಮೆ ಆರರಿಂದ ಎಂಟು ವಾರ ದಾಟಿದ ಹುಳುವನ್ನು ಹಿಡಿಯುತ್ತವೆ. ಜೊತೆಗೆ ರಕ್ತ ಹೀರುವ ಹೀಮಾಂಕಸ್ ಕೂಡ ಸಾಯುತ್ತದೆ. ಗದ್ದ ಊದಿದ, ರೆಪ್ಪೆ ಬಿಳಿಚಿದ, ಕಾರಣ ಇಂಥದೇ ಎಂದು ಖಚಿತವಾಗದ ಕುರಿಮಂದೆಗೆ ಇವು ಇಷ್ಟವಾಗುವುದು ಇದಕ್ಕೇ. ಆದರೆ ಕ್ಲೋಸಾಂಟೆಲ್ ಅಳತೆ ಮೀರಿದರೆ ಕಣ್ಣಿನ ನರ ಹಾಳಾಗಿ ಕುರಿ, ಮೇಕೆಗಳು ಕುರುಡಾಗುತ್ತವೆ, ಮತ್ತೆ ದೃಷ್ಟಿ ಬರುವುದಿಲ್ಲ. ಅಂದಾಜಿನಲ್ಲಿ ಕುಡಿಸುವ ಕೈಗೆ ಇದನ್ನು ಕೊಡಬಾರದು.

ಎಳೆ ಹುಳುವನ್ನೂ ಕೊಲ್ಲುವ ಔಷಧಿ ಟ್ರೈಕ್ಲಾಬೆಂಡಜೋಲ್. ಹೊಟ್ಟೆ ಸೇರಿ ಒಂದೆರಡು ವಾರವಾದ ಹುಳುವಿನಿಂದ ಹಿಡಿದು ಬಲಿತದ್ದರವರೆಗೆ ಎಲ್ಲದರ ಮೇಲೂ ಪರಿಣಾಮವಿದೆ. ಕುರಿಗೆ ಕಿಲೋಗೆ 10 ಮಿಲಿಗ್ರಾಂ, ಹಸುವಿಗೆ 12 ಮಿಲಿಗ್ರಾಂ. ಮಂದೆಯಲ್ಲಿ ಸಾವು ಶುರುವಾಗಿದೆ, ಹಿಕ್ಕೆಯಲ್ಲಿ ಮೊಟ್ಟೆ ಇಲ್ಲ, ಸತ್ತ ಕುರಿಯ ಲಿವರ್‌ನಲ್ಲಿ ರಕ್ತದ ಗೆರೆಗಳಿವೆ ಎಂದಾದರೆ ಆರಿಸಬೇಕಾದದ್ದು ಇದನ್ನೇ. ಆಲ್ಬೆಂಡಜೋಲ್, ಆಕ್ಸಿಕ್ಲೋಜಾನೈಡ್ ಆ ಹೊತ್ತಿಗೆ ಸಹಾಯ ಮಾಡವು. ಆದರೆ ಇದು ದುಂಡುಹುಳು, ಲಾಡಿಹುಳು, ಆಂಫಿಸ್ಟೋಮ್ ಯಾವುದನ್ನೂ ಕೊಲ್ಲುವುದಿಲ್ಲ. ಹಾಲು ಕರೆಯುವ ಹಸುವಿಗೂ ಬೇಡ. ಹಸು ಬತ್ತಿದ ಮೇಲೆ, ಕರು ಹಾಕುವುದಕ್ಕೆ ಸಾಕಷ್ಟು ಸಮಯವಿರುವಾಗ ವೈದ್ಯರನ್ನು ಕೇಳಿ ಕೊಡಿಸಬಹುದು. ಹಾಗೆಂದು ಒಳ್ಳೆಯದೆಂದು ವರ್ಷವರ್ಷವೂ ಇದನ್ನೇ ಕುಡಿಸಿದರೆ ಹುಳು ಒಗ್ಗಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಕುರಿಗಳಲ್ಲಿ ಇಂಥ ಒಗ್ಗಿದ ಹುಳುಗಳು 1995ರಲ್ಲೇ ವರದಿಯಾದವು, ಆಮೇಲೆ ಹಲವು ದೇಶಗಳಲ್ಲಿ ಕಂಡಿವೆ. ಎಳೆ ಹುಳುವಿನ ಕಾಲಕ್ಕೆ ಇದನ್ನು ಮೀಸಲಿಟ್ಟು, ಬಲಿತ ಹುಳುವಿಗೆ ಬೇರೆಯದನ್ನು ಬಳಸುವುದು ಜಾಣತನ.

ಅಳತೆಯ ವಿಷಯ. 30 ಕಿಲೋ ಕುರಿಗೆ ಟ್ರೈಕ್ಲಾಬೆಂಡಜೋಲ್ 300 ಮಿಲಿಗ್ರಾಂ ಬೇಕು. ಬಾಟಲಿಯ ಮೇಲೆ ಶೇಕಡಾ 5 ಎಂದಿದ್ದರೆ ಒಂದು ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ಇರುತ್ತದೆ, ಅಂದರೆ 6 ಮಿಲಿಲೀಟರ್. ಅದೇ 6 ಮಿಲಿಲೀಟರನ್ನು 40 ಕಿಲೋ ಟಗರಿಗೂ ಕುಡಿಸಿದರೆ ಅದಕ್ಕೆ ಕಿಲೋಗೆ 7.5 ಮಿಲಿಗ್ರಾಂ ಮಾತ್ರ ಸಿಗುತ್ತದೆ. ಹುಳು ಸಾಯುವುದಿಲ್ಲ, ಔಷಧಿಯ ಪರಿಚಯ ಮಾಡಿಕೊಳ್ಳುತ್ತದೆ. ಮಂದೆಯಲ್ಲಿ ನಾಲ್ಕಾರು ಕುರಿಯನ್ನಾದರೂ ತಕ್ಕಡಿಗೆ ಹಾಕಿ, ದೊಡ್ಡವು, ನಡುವಿನವು, ಮರಿಗಳು ಎಂದು ಬೇರ್ಪಡಿಸಿ, ಪ್ರತಿ ಗುಂಪಿಗೂ ಆ ಗುಂಪಿನ ಭಾರದ ಕುರಿಯ ತೂಕ ಹಿಡಿದು ಅಳತೆ ಮಾಡಿ. ಕ್ಲೋಸಾಂಟೆಲ್ ಆದರೆ ಗುಂಪಿನ ಲೆಕ್ಕವೂ ಬೇಡ, ಒಂದೊಂದನ್ನೂ ತೂಗಿ.

ಕುಡಿಸಿ ಮೂರು ವಾರವಾದ ಮೇಲೆ ಅದೇ ಪ್ರಾಣಿಗಳ ಹಿಕ್ಕೆ ಮತ್ತೆ ನೋಡಿಸಿ. ಅದಕ್ಕೆ ಮೊದಲೇ ನೋಡಿದರೆ ಹುಳು ಸತ್ತಿದ್ದರೂ ಪಿತ್ತಕೋಶದಲ್ಲಿ ಉಳಿದಿದ್ದ ಹಳೆಯ ಮೊಟ್ಟೆಗಳು ಕಂಡು ಔಷಧಿ ಕೆಲಸ ಮಾಡಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಬಲಿತ ಹುಳುವಿನ ಔಷಧಿ ಕೊಟ್ಟಿದ್ದರೆ ಅಂದು ಎಳೆಯದಾಗಿದ್ದವು ಎರಡು ಮೂರು ತಿಂಗಳಲ್ಲಿ ಬಲಿಯುತ್ತವೆ, ಆಗ ಇನ್ನೊಂದು ಸಲ ಕುಡಿಸಬೇಕು. ಮಂದೆ ಮಾರನೆಯ ದಿನವೇ ಅದೇ ಕೆರೆಯಂಚಿಗೆ ಇಳಿದರೆ ಈ ಲೆಕ್ಕವೆಲ್ಲ ಮೊದಲಿನಿಂದ ಶುರುವಾಗುತ್ತದೆ. ನೀರಿನ ಅಂಚಿಗೆ ಬೇಲಿ ಹಾಕಿ ತೊಟ್ಟಿಯಲ್ಲಿ ನೀರು ಕುಡಿಸುವುದು, ಕೊಯ್ದ ಹುಲ್ಲನ್ನು ಚೆನ್ನಾಗಿ ಒಣಗಿಸಿ ಹಾಕುವುದು, ಇವೆರಡೇ ನಮ್ಮ ಕೈಯಲ್ಲಿರುವ ಉಪಾಯ. ಬಸವನಹುಳು ಕೊಲ್ಲಲು ಮೈಲುತುತ್ತ ಸುರಿಯುವ ಹಳೆಯ ಸಲಹೆ ಬೇಡ. ಅದು ಮೀನಿಗೂ ವಿಷ, ಕುರಿಗೂ ವಿಷ.

ಮನೆಯವರ ಪ್ರಶ್ನೆಗಳು

ಹುಳುವಿದ್ದ ಲಿವರ್ ತಿಂದರೆ ನಮಗೂ ರೋಗ ಬರುತ್ತದೆಯೇ? ಬೇಯಿಸಿದ ಲಿವರ್‌ನಿಂದ ಬರುವುದಿಲ್ಲ. ಮನುಷ್ಯರಿಗೂ ಇದು ಬರುವುದು ನೀರಂಚಿನ ಸೊಪ್ಪನ್ನು ಹಸಿಯಾಗಿ ತಿಂದಾಗ. ನಮ್ಮ ದೇಶದಲ್ಲಿ ಅಪರೂಪ. ಆದರೂ ದನಕರು ಇಳಿಯುವ ಕೆರೆಯಂಚಿನ ಒಂದೆಲಗವನ್ನು ಹಸಿ ಚಟ್ನಿ ಮಾಡುವವರು ಹಿತ್ತಿಲಲ್ಲೇ ಬೆಳೆಸಿಕೊಳ್ಳುವುದು ವಾಸಿ. ಅಂಟಿಕೊಂಡ ಕವಚ ತೊಳೆದರೆ ಪೂರ್ತಿ ಹೋಗುವುದಿಲ್ಲ, ಬೇಯಿಸಿದರೆ ಸಾಯುತ್ತದೆ. ಕೆಟ್ಟ ಲಿವರನ್ನು ನಾಯಿಗೆ ಹಾಕುವ ಅಭ್ಯಾಸವನ್ನೂ ಬಿಡಿ. ಅದರಲ್ಲಿ ನೀರುಗುಳ್ಳೆಗಳಿದ್ದರೆ ಅದು ಬೇರೆಯದೇ ಹುಳು, ನಾಯಿಯ ಮೂಲಕ ನಮ್ಮ ಯಕೃತ್ತಿಗೇ ಬರುತ್ತದೆ.

ಮನುಷ್ಯರ ಪಿತ್ತನಾಳದ ಹುಳು ಎಂದು ಮೊಬೈಲಿನಲ್ಲಿ ಹುಡುಕಿದರೆ ಹಸಿ ಮೀನು, ಪ್ರಾಜಿಕ್ವಾಂಟೆಲ್ ಎಂದೆಲ್ಲ ಬರುತ್ತದೆ. ಅದು ಥಾಯ್ಲೆಂಡ್, ಚೀನಾ, ಕೊರಿಯಾ ಕಡೆಯ ಬೇರೆ ಹುಳುಗಳ ಕಥೆ. ಫ್ಯಾಸಿಯೋಲಾಕ್ಕೆ ಪ್ರಾಜಿಕ್ವಾಂಟೆಲ್ ನಾಟುವುದಿಲ್ಲ. ಮನುಷ್ಯರಿಗೂ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಟ್ರೈಕ್ಲಾಬೆಂಡಜೋಲನ್ನೇ. ಹಾಗೆಂದು ಕುರಿಯ ಬಾಟಲಿಗೆ ಕೈ ಹಾಕುವಂತಿಲ್ಲ, ಅದನ್ನು ಬರೆದುಕೊಡಬೇಕಾದವರು ವೈದ್ಯರು.

ನಮ್ಮ ಮಕ್ಕಳ ಪಿತ್ತನಾಳದಲ್ಲಿ ಹುಳು ಎಂದರೆ ಮೊದಲು ಅನುಮಾನಿಸಬೇಕಾದದ್ದು ಕರುಳಿನಿಂದ ಮೇಲೇರಿದ ಜಂತುಹುಳುವನ್ನು. ಬಲಪಕ್ಕೆಯ ಕೆಳಗೆ ತಡೆಯಲಾಗದ ನೋವು, ವಾಂತಿ ಇದ್ದಾಗ ಮಲ ಪರೀಕ್ಷೆಗಿಂತ ಸ್ಕ್ಯಾನಿಂಗ್ ಬೇಗ ಉತ್ತರ ಕೊಡುತ್ತದೆ. ಬಹಳಷ್ಟು ಸಲ ಹುಳು ತಾನಾಗಿಯೇ ಕರುಳಿಗೆ ಇಳಿಯುತ್ತದೆ. ಇಳಿಯದಿದ್ದರೆ ಅಥವಾ ಜ್ವರ, ಕಾಮಾಲೆ ಸೇರಿಕೊಂಡರೆ ಎಂಡೋಸ್ಕೋಪಿಯಿಂದ ತೆಗೆಯಬೇಕಾಗುತ್ತದೆ.

ದೊಡ್ಡವರ ಮಲ ಪರೀಕ್ಷೆಯಲ್ಲಿ ಫ್ಯಾಸಿಯೋಲಾ ಮೊಟ್ಟೆ ಕಂಡರೂ ಕೂಡಲೇ ಗಾಬರಿ ಬೇಡ. ಹಿಂದಿನ ದಿನಗಳಲ್ಲಿ ಲಿವರ್ ಫ್ರೈ ತಿಂದಿದ್ದರೆ ಆ ಕುರಿಯ ಮೊಟ್ಟೆಗಳೇ ಹೊಟ್ಟೆಯಿಂದ ಹಾದು ಹೋಗುತ್ತಿರಬಹುದು. ಒಂದು ವಾರ ಲಿವರ್ ತಿನ್ನುವುದನ್ನು ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಆಗಲೂ ಕಂಡರೆ ವರದಿ ಹಿಡಿದು ವೈದ್ಯರ ಬಳಿ ಹೋಗಿ.